ಗೆರೆ ಮುಚ್ಚದ ಹಾಗೆ ಲೆಜೆಂಡ್ ಎಲ್ಲಿಡಬೇಕು?

ಎಲ್ಲರಿಗೂ ನಮಸ್ಕಾರ. ಬಾಗಲಕೋಟೆಯಲ್ಲಿ ನಿಂತು ಚಾರ್ಟ್ ಬಗ್ಗೆ ಮಾತಾಡುವಾಗ ಆಲಮಟ್ಟಿ ಬಿಟ್ಟು ಬೇರೆ ಉದಾಹರಣೆ ಯಾಕೆ ಬೇಕು? ಜೂನ್‌ನಿಂದ ಮೇ ತನಕ ಜಲಾಶಯದ ದಿನದಿನದ ನೀರಿನ ಮಟ್ಟವನ್ನು ಪೈಥಾನ್‌ನ ಚಾರ್ಟ್ ಬಿಡಿಸುವ ಲೈಬ್ರರಿ ಮ್ಯಾಟ್‌ಪ್ಲಾಟ್‌ಲಿಬ್‌ನಲ್ಲಿ ಗೆರೆ ಮಾಡಿ ಹಾಕಿ. ಮುಂಗಾರು ಜೋರಾದಂತೆ ಗೆರೆ ಸರ್ರನೆ ಏರುತ್ತದೆ, ಕೆಲವು ತಿಂಗಳು ಮೇಲೇ ನಿಲ್ಲುತ್ತದೆ, ಬೇಸಿಗೆ ಹೊತ್ತಿಗೆ ಇಳಿಯುತ್ತದೆ. ಪೂರ್ಣ ಮಟ್ಟ 519.60 ಮೀಟರ್. ಅಲ್ಲೊಂದು ಕೆಂಪು ಅಡ್ಡಗೆರೆ ಎಳೆಯಿರಿ. ನಾಲ್ಕೈದು ವರ್ಷದ ಗೆರೆಗಳು ಒಟ್ಟಿಗೆ ಇದ್ದರೆ ಯಾವ ಬಣ್ಣ ಯಾವ ವರ್ಷದ್ದು ಅಂತ ಹೇಳಲು ಲೆಜೆಂಡ್ ಬೇಕೇ ಬೇಕು. ಆದರೆ ಆ ಚೌಕ ಹೋಗಿ ಕೆಂಪು ಗೆರೆಯ ಮೇಲೇ ಕೂತರೆ? ನಮ್ಮ ಕಡೆ ಜನ ಮೊದಲು ನೋಡುವುದೇ ನೀರು ಆ ಗೆರೆ ಮುಟ್ಟಿತೋ ಇಲ್ಲವೋ ಅಂತ.

ನಾವು ಜಾಗ ಹೇಳದಿದ್ದರೆ ಲೈಬ್ರರಿ ‘ಬೆಸ್ಟ್’ ಅನ್ನುವ ಆಯ್ಕೆ ಹಿಡಿಯುತ್ತದೆ. ಮೂಲೆಗಳು, ಅಂಚುಗಳ ನಡುಭಾಗ, ಮಧ್ಯ, ಇಷ್ಟನ್ನೇ ನೋಡಿ ಕಡಿಮೆ ಮುಚ್ಚುವ ಕಡೆ ಇಡುತ್ತದೆ. ಡೇಟಾ ಜಾಸ್ತಿ ಇದ್ದರೆ ಈ ಲೆಕ್ಕ ನಿಧಾನವೂ ಹೌದು. ಯಾವ ಗೆರೆ ಮುಖ್ಯ ಅನ್ನುವುದಂತೂ ಅದಕ್ಕೆ ಗೊತ್ತಿಲ್ಲ. ಅದು ನಮಗೇ ಗೊತ್ತು, ಅಲ್ವಾ?

ಹಾಗಾಗಿ ನಾನು ಮೌಸ್ ಹಿಡಿಯಿರಿ ಅನ್ನುತ್ತೇನೆ. ಲೆಜೆಂಡ್ ಮೇಲೆ ‘ಸೆಟ್_ಡ್ರ್ಯಾಗಬಲ್’ ಕರೆದು ‘ಟ್ರೂ’ ಕೊಡಿ. ಕಿಟಕಿ ತೆರೆದ ಮೇಲೆ ಅದನ್ನು ಒತ್ತಿ ಹಿಡಿದು ಬೇಕಾದ ಕಡೆ ಎಳೆಯಬಹುದು. ಬ್ರೌಸರ್‌ನಲ್ಲೇ ಕೋಡ್ ಓಡಿಸುವ ಜುಪಿಟರ್ ನೋಟ್‌ಬುಕ್‌ನಲ್ಲಿ ಚಿತ್ರ ತೋರಿಸುವ ವಿಧಾನ ‘ಇನ್‌ಲೈನ್’ ಇದ್ದರೆ ಬರುವುದು ಬರೀ ಚಿತ್ರ, ಏನೂ ಅಲುಗಾಡಲ್ಲ. ‘ಐಪಿವೈಎಂಪಿಎಲ್’ ಅನ್ನುವ ಪ್ಯಾಕೇಜ್ ಹಾಕಿಕೊಂಡು ‘ವಿಜೆಟ್’ಗೆ ಬದಲಿಸಿ. ಆಲಮಟ್ಟಿ ಚಾರ್ಟ್‌ನಲ್ಲಿ ಸಾಮಾನ್ಯವಾಗಿ ಖಾಲಿ ಸಿಗುವುದು ಕೆಳಗೆ ನಡುವೆ, ಮಟ್ಟ ಮೇಲೆ ನಿಂತ ತಿಂಗಳುಗಳ ಅಡಿಯಲ್ಲಿ.

ಎಳೆದು ಸುಮ್ನೆ ಬಿಟ್ಟರೆ ಆಗಲ್ಲ. ಪ್ರೋಗ್ರಾಂ ಮುಚ್ಚಿದರೆ ಆ ಜಾಗ ಹೋಯಿತು. ‘ಗೆಟ್_ವಿಂಡೋ_ಎಕ್ಸ್‌ಟೆಂಟ್’ ಕೇಳಿದರೆ ಲೆಜೆಂಡ್ ಎಲ್ಲಿದೆ ಅಂತ ಪಿಕ್ಸೆಲ್‌ನಲ್ಲಿ ಹೇಳುತ್ತದೆ. ಚಾರ್ಟ್‌ನ ಅಳತೆಯನ್ನು ಪಿಕ್ಸೆಲ್‌ಗೆ ಬದಲಿಸುವ ‘ಟ್ರಾನ್ಸ್‌ಆಕ್ಸೀಸ್’ ಅನ್ನು ತಿರುಗಿಸಿ ಆ ಅಂಕಿಗಳನ್ನು ಚಾರ್ಟ್‌ನ ಅಳತೆಗೆ ತನ್ನಿ. ಅಲ್ಲಿ ಎಡಗಡೆ ಕೆಳಮೂಲೆ 0, 0; ಬಲಗಡೆ ಮೇಲ್ಮೂಲೆ 1, 1. ಲೆಜೆಂಡಿನ ಎಡ ಕೆಳಮೂಲೆಗೆ ಬಂದ ಜೋಡಿಯನ್ನು, 0.35, 0.05 ಅಂತ ಇಟ್ಟುಕೊಳ್ಳಿ, ಲೆಜೆಂಡಿನ ಜಾಗ ಹೇಳುವ ‘ಲೋಕ್’ನಲ್ಲಿ ಬರೆದುಬಿಡಿ. ನಾಳೆ ಬೇರೆಯವರು ಓಡಿಸಿದರೂ ಅಲ್ಲೇ ಬರುತ್ತದೆ. ಜಾಗ ಹುಡುಕಲು ಕೈ, ಉಳಿಸಲು ಕೋಡ್: ನಾನು ಪಟ್ಟು ಹಿಡಿದು ಹೇಳುವುದು ಇದನ್ನೇ.

ಎಳೆಯುವ ಮುಂಚೆ ಚಾರ್ಟ್‌ನ ಅಳತೆ ಗಟ್ಟಿ ಮಾಡಿಕೊಳ್ಳಿ. ಅಕ್ಷರದ ಗಾತ್ರ ಪಾಯಿಂಟ್‌ನಲ್ಲಿ ಇರುವುದರಿಂದ ಕಿಟಕಿ ಹಿಗ್ಗಿಸಿದರೆ ಚಾರ್ಟ್ ದೊಡ್ಡದಾಗುತ್ತದೆ, ಲೆಜೆಂಡ್ ಇದ್ದಷ್ಟೇ ಇರುತ್ತದೆ. ದೊಡ್ಡ ಪರದೆಯಲ್ಲಿ ಸರಿಯಾಗಿ ಕೂತದ್ದು ಸಣ್ಣ ಅಳತೆಯಲ್ಲಿ ಉಳಿಸಿದಾಗ ಪಕ್ಕದ ಗೆರೆಗೆ ತಾಗುತ್ತದೆ.

ಒಳಗೆ ಎಲ್ಲೂ ಜಾಗ ಇಲ್ಲವೇ? ಲೆಜೆಂಡನ್ನು ಯಾವ ಬಿಂದುವಿಗೆ ಕಟ್ಟಬೇಕು ಅಂತ ಹೇಳುವ ‘ಬಿಬಾಕ್ಸ್_ಟು_ಆಂಕರ್’ಗೆ 1.02, 1 ಕೊಟ್ಟು, ‘ಲೋಕ್’ಗೆ ‘ಅಪ್ಪರ್ ಲೆಫ್ಟ್’ ಹಾಕಿ. ಲೆಜೆಂಡ್ ಬಲಗಡೆ ಹೊರಗೆ ಹೋಗುತ್ತದೆ. ಉಳಿಸುವಾಗ ‘ಬಿಬಾಕ್ಸ್_ಇಂಚಸ್’ಗೆ ‘ಟೈಟ್’ ಕೊಡಿ, ಇಲ್ಲದಿದ್ದರೆ ಅಂಚಿನಲ್ಲಿ ವರ್ಷಗಳ ಅಂಕಿಯೇ ಕತ್ತರಿಸಿ ಹೋಗಬಹುದು.