ಒಂದು ಆಟೋಇಮ್ಯೂನ್ ಕಾಯಿಲೆ ಇದ್ದರೆ ಇನ್ನೊಂದೂ ಯಾಕೆ ಬರುತ್ತದೆ?

ನಮಸ್ಕಾರ. ಮಯಸ್ತೇನಿಯಾ ಗ್ರಾವಿಸ್, ಅಂದರೆ ಸ್ನಾಯುಗಳು ಬೇಗ ಸುಸ್ತಾಗುವ ಕಾಯಿಲೆ, ಇರುವವರಲ್ಲಿ ಥೈರಾಯ್ಡ್ ಕಾಯಿಲೆ ಉಳಿದವರಿಗಿಂತ ಜಾಸ್ತಿ. ಒಂದು ನರ ಸ್ನಾಯುವನ್ನು ಮುಟ್ಟುವ ಜಾಗದ ತೊಂದರೆ, ಇನ್ನೊಂದು ಕತ್ತಿನ ಗ್ರಂಥಿಯದು. ಎರಡಕ್ಕೂ ಎಲ್ಲಿಯ ನಂಟು?

ಮೊದಲ ಪಾಠ ಬೇಗ ಮುಗಿಸೋಣ. ರೋಗನಿರೋಧಕ ವ್ಯವಸ್ಥೆ ನಮ್ಮ ದೇಹದ ಮೇಲೇ ತಿರುಗಿಬಿದ್ದರೆ ಅದು ಆಟೋಇಮ್ಯೂನ್ ಕಾಯಿಲೆ. ಯಾವ ಅಂಗದ ಮೇಲೆ ಬೀಳುತ್ತದೆ ಅನ್ನೋದರಲ್ಲಿ 6ನೇ ಕ್ರೋಮೋಸೋಮಿನ ಎಚ್‌ಎಲ್‌ಎ ಜೀನ್‌ಗಳ ಪಾತ್ರ ದೊಡ್ಡದು.

[ಪರದೆ: ಅಂಗೈಯ ಚಿತ್ರ]

ಈ ಜೀನ್‌ಗಳು ಮಾಡುವ ಪ್ರೊಟೀನನ್ನು ಒಂದು ಅಂಗೈ ಅಂದುಕೊಳ್ಳಿ. ಅದು ಬೇರೆ ಪ್ರೊಟೀನ್‌ಗಳ ಚೂರುಗಳನ್ನು ಹಿಡಿದು ರೋಗನಿರೋಧಕ ವ್ಯವಸ್ಥೆಯ ಟಿ ಕೋಶಗಳಿಗೆ ತೋರಿಸುತ್ತದೆ. ಅಂಗೈಯ ಆಕಾರ ಬೇರೆಯಾದರೆ, ಅದರಲ್ಲಿ ಕೂರುವ ಚೂರೂ ಬೇರೆ, ಹಾಗಾಗಿ ದಾಳಿಯ ಗುರಿಯೂ ಬೇರೆಯಾಗಬಹುದು.

ಈಗ ನನಗೆ ತುಂಬಾ ಇಷ್ಟವಾದ ಭಾಗ. ಡಿಆರ್15-ಡಿಕ್ಯೂ6 ಅಂತ ಎಚ್‌ಎಲ್‌ಎ ಬಗೆಗಳ ಒಂದು ಜೋಡಿ ಇದೆ. ಇದಿದ್ದರೆ ಮಲ್ಟಿಪಲ್ ಸ್ಕ್ಲೆರೋಸಿಸ್, ಅಂದರೆ ಎಂಎಸ್ (ಮಿದುಳು, ಬೆನ್ನುಹುರಿಯ ನರಗಳ ಹೊದಿಕೆ ಹಾಳಾಗುವ ಕಾಯಿಲೆ), ಬರುವ ಸಾಧ್ಯತೆ ಸುಮಾರು 3 ಪಟ್ಟು. ಹಗಲಲ್ಲೇ ತಡೆಯಲಾಗದ ನಿದ್ದೆ ಬರುವ ಟೈಪ್ 1 ನಾರ್ಕೊಲೆಪ್ಸಿ ಇರುವವರಲ್ಲಿ 90%ಗಿಂತ ಹೆಚ್ಚು ಮಂದಿಗೆ ಇದರ ಡಿಕ್ಯೂ6 ಭಾಗ ಇರುತ್ತದೆ. ಆದರೆ ಇದೇ ಜೋಡಿ ಇರುವ ಮಕ್ಕಳಿಗೆ, ಮೇದೋಜೀರಕದ ಮೇಲೆ ದಾಳಿಯಾಗಿ ಬರುವ ಟೈಪ್ 1 ಡಯಾಬಿಟಿಸ್ ಕಾಣಿಸೋದು ತೀರಾ ಅಪರೂಪ! ಮಿದುಳಿಗೆ ಅಪಾಯ ತರುವ ಜೀನೇ ಮೇದೋಜೀರಕಕ್ಕೆ ಕಾವಲು. ಹಾಗಾದರೆ "ಇಮ್ಯುನಿಟಿ ಕಮ್ಮಿ, ಅದಕ್ಕೇ ಎಲ್ಲ ಬಂತು" ಅನ್ನುವ ಮಾತು ನಿಲ್ಲೋದಿಲ್ಲ, ಅಲ್ವಾ? ಅಂದಹಾಗೆ, ಈ ಜೋಡಿ ಇರುವ ಬಹುತೇಕರಿಗೆ ಇದರಲ್ಲಿ ಯಾವ ಕಾಯಿಲೆಯೂ ಬರೋದಿಲ್ಲ.

ಇನ್ನು ಇಟಲಿಯ ಸಾರ್ಡೀನಿಯಾ ದ್ವೀಪ ನೋಡಿ. ಅಲ್ಲಿ ಎಂಎಸ್, ಟೈಪ್ 1 ಡಯಾಬಿಟಿಸ್ ಎರಡೂ ಜಾಸ್ತಿ, ಒಬ್ಬರಲ್ಲೇ ಎರಡೂ ಸಿಗುವುದುಂಟು. ಅಲ್ಲಿ ಡಿಆರ್3 ಅನ್ನೋ ಬೇರೆ ಎಚ್‌ಎಲ್‌ಎ ಬಗೆ ಹೆಚ್ಚು, ಅದಕ್ಕೆ ಎರಡೂ ಕಾಯಿಲೆಗಳ ಜೊತೆ ನಂಟಿದೆ. ಚಿಕ್ಕ ವಯಸ್ಸಿನಲ್ಲಿ ಶುರುವಾಗುವ ಮಯಸ್ತೇನಿಯಾದಲ್ಲೂ ಡಿಆರ್3 ಇರುವ ಜೀನ್ ಗುಂಪು ಸಿಗುತ್ತದೆ.

ಸಮಯ ಕಮ್ಮಿ ಇದೆ, ಉಳಿದದ್ದು ಒಟ್ಟಿಗೆ ಹೇಳಿಬಿಡುತ್ತೇನೆ. ಎಚ್‌ಎಲ್‌ಎ ಗುಂಪಿಗೆ ಸೇರದ ಪಿಟಿಪಿಎನ್22 ಅನ್ನೋ ಜೀನಿನ ಒಂದು ಬದಲಾವಣೆ ಟೈಪ್ 1 ಡಯಾಬಿಟಿಸ್, ರುಮಟಾಯ್ಡ್ ಆರ್ಥ್ರೈಟಿಸ್ (ಕೀಲುಗಳ ಉರಿಯೂತ), ಗ್ರೇವ್ಸ್ ಥೈರಾಯ್ಡ್ ಕಾಯಿಲೆಗಳಿಗೆಲ್ಲ ದಾರಿ ಮಾಡುತ್ತದೆ, ಎಂಎಸ್‌ಗೆ ಮಾತ್ರ ಇಲ್ಲ. ಎಂಎಸ್ ಥರವೇ ಕಾಣುವ ಎನ್‌ಎಂಒ ಕಾಯಿಲೆಯ (ಕಣ್ಣಿನ ನರ, ಬೆನ್ನುಹುರಿಗೆ ಬಡಿಯುವಂಥದ್ದು) ಆಂಟಿಬಾಡಿ, ಅಂದರೆ ದೇಹದ ಮೇಲೇ ದಾಳಿ ಮಾಡುವ ಪ್ರೊಟೀನ್, 2004ರಲ್ಲಿ ಸಿಕ್ಕಿತು. ಈ ಕಾಯಿಲೆಯ ಜೊತೆ ಲೂಪಸ್, ಶೋಗ್ರೆನ್, ಮಯಸ್ತೇನಿಯಾದಂಥ ಬೇರೆ ಆಟೋಇಮ್ಯೂನ್ ಕಾಯಿಲೆಗಳೂ ಕಾಣಿಸಿಕೊಳ್ಳುವುದುಂಟು.

ಇದು ಸುಮ್ನೆ ಕುತೂಹಲದ ವಿಷಯ ಅಲ್ಲ. ಆರ್ಥ್ರೈಟಿಸ್‌ಗೆ ಕೊಡುವ ಟಿಎನ್‌ಎಫ್ (ಉರಿಯೂತ ಹೆಚ್ಚಿಸುವ ಪ್ರೊಟೀನ್) ತಡೆಯುವ ಔಷಧಿ ಎಂಎಸ್ ಅನ್ನು ಹೆಚ್ಚಿಸಬಹುದು. ಆದ್ದರಿಂದ ಅಂಥ ಔಷಧಿ ಶುರುಮಾಡುವ ಮುಂಚೆ, ನಿಮಗೋ ನಿಮ್ಮ ಮನೆಯವರಿಗೋ ಎಂಎಸ್ ಇದ್ದರೆ ದಯವಿಟ್ಟು ಡಾಕ್ಟರಿಗೆ ಹೇಳಿ. ಅವರು ಕೇಳದಿದ್ದರೂ ಹೇಳಿ.