ಗಾಳಿಯಿಂದ ಗೊಬ್ಬರ ತೆಗೆದವನು

ಆತ್ಮೀಯ ಕೇಳುಗರೇ, ನಮಸ್ಕಾರ.

ಇಪ್ಪತ್ತನೇ ಶತಮಾನದ ಮೊದಲ ದಶಕಗಳಲ್ಲಿ ಲೋಕವನ್ನು ಬದಲಿಸಿದವರು ಯಾರು ಎಂದು ಕೇಳಿದರೆ ಗಾಂಧೀಜಿ, ಲೆನಿನ್, ಐನ್‌ಸ್ಟೀನ್ ಎಂಬ ಹೆಸರುಗಳು ತಟ್ಟನೆ ಬಾಯಿಗೆ ಬರುತ್ತವೆ. ನಾನು ಇವತ್ತು ಹೇಳಹೊರಟಿರುವುದು ಫ್ರಿಟ್ಸ್ ಹೇಬರ್ ಎಂಬ ಜರ್ಮನ್ ರಸಾಯನಶಾಸ್ತ್ರಜ್ಞನ ವಿಷಯ. ಅವನ ಹೆಸರನ್ನು ನೀವು ಕೇಳಿರಲಿ, ಬಿಡಲಿ, ಅವನ ಕೆಲಸ ಮಾತ್ರ ನಿಮ್ಮ ಅಡುಗೆಮನೆಯ ಅಕ್ಕಿಯಲ್ಲಿದೆ.

ನಮ್ಮ ಅಜ್ಜ ಯೂರಿಯಾಕ್ಕೆ ಸರ್ಕಾರಿ ಗೊಬ್ಬರ ಎನ್ನುತ್ತಿದ್ದರು. ಅದಕ್ಕೂ ಮೊದಲು ಅವರಿಗೆ ಗೊತ್ತಿದ್ದದ್ದು ತಿಪ್ಪೆಗೊಬ್ಬರ, ಹಸಿರೆಲೆ ಗೊಬ್ಬರ, ಮತ್ತೆ ರಾಗಿ ಹೊಲದ ನಡುವೆ ಅಕ್ಕಡಿ ಸಾಲಿನಲ್ಲಿ ಹಾಕುವ ಅವರೆ, ಅಲಸಂದೆ. ಅವರೆಯ ಬೇರಿನ ಗಂಟುಗಳಲ್ಲಿರುವ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಉಣಿಸುತ್ತವೆ. ಗಾಳಿಯಲ್ಲಿ ನೂರಕ್ಕೆ 78 ಪಾಲು ಸಾರಜನಕವೇ. ಆದರೆ ಅದರ ಎರಡು ಪರಮಾಣುಗಳು ಒಂದನ್ನೊಂದು ಎಷ್ಟು ಬಿಗಿಯಾಗಿ ಅಪ್ಪಿಕೊಂಡಿವೆ ಎಂದರೆ, ಭತ್ತಕ್ಕಾಗಲಿ ರಾಗಿಗಾಗಲಿ ಅದನ್ನು ತಾನಾಗಿ ಬಿಡಿಸಿ ತಿನ್ನಲು ಆಗುವುದಿಲ್ಲ. ಯುರೋಪಿನವರು ಚಿಲಿ ದೇಶದ ಮರುಭೂಮಿಯಿಂದ ಹಡಗುಗಟ್ಟಲೆ ಪೆಟ್ಲುಪ್ಪಿನಂಥ, ಸಾರಜನಕವಿರುವ ಖನಿಜ ತರಿಸಿ ಹೊಲಕ್ಕೆ ಹಾಕುತ್ತಿದ್ದರು. ಅದು ಮುಗಿದರೆ ಗೋಧಿ ಉಣ್ಣುವ ಜನ ಹಸಿಯಬೇಕಾಗುತ್ತದೆ ಎಂದು 1898ರಲ್ಲೇ ಇಂಗ್ಲೆಂಡಿನ ವಿಜ್ಞಾನಿ ವಿಲಿಯಂ ಕ್ರೂಕ್ಸ್ ಎಚ್ಚರಿಸಿದ್ದರು.

ಹೇಬರ್ ಆ ಅಪ್ಪುಗೆಯನ್ನು ಬಿಡಿಸಿದ. 1909ರ ಜುಲೈ, ಕಾರ್ಲ್ಸ್‌ರೂಹೆ ಊರಿನ ಪ್ರಯೋಗಶಾಲೆ. ಸಾರಜನಕ, ಜಲಜನಕ ಎರಡನ್ನೂ ವಾತಾವರಣದ ಒತ್ತಡಕ್ಕಿಂತ ಸುಮಾರು ಇನ್ನೂರು ಪಟ್ಟು ಒತ್ತಿ, ಐನೂರು ಡಿಗ್ರಿಗೂ ಮೀರಿ ಕಾಯಿಸಿ, ಆಸ್ಮಿಯಂ ಎಂಬ ಅಪರೂಪದ ಲೋಹದ ಮೇಲೆ ಹಾಯಿಸಿದ. ಎರಡೂ ಕೂಡಿ, ಗೊಬ್ಬರಕ್ಕೆ ಮೂಲವಾದ ಅಮೋನಿಯಾ ತೊಟ್ಟು ತೊಟ್ಟಾಗಿ ಇಳಿಯಿತು, ಗಂಟೆಗೆ ಒಂದು ಕಾಫಿ ಲೋಟದಷ್ಟು. ಆ ಯಂತ್ರವನ್ನು ಕಟ್ಟಿಕೊಟ್ಟ ಜಾಣ ರಾಬರ್ಟ್ ಲೆ ರೊಸಿನ್ಯೋಲ್. ಅವನನ್ನು ಯಾರೂ ನೆನೆಯುವುದಿಲ್ಲ, ಅದಕ್ಕೇ ಇಲ್ಲಿ ಹೆಸರು ಹೇಳಿದೆ. ಲೋಟವನ್ನು ಕಾರ್ಖಾನೆಯಾಗಿ ಬೆಳೆಸಿದವನು ಕಾರ್ಲ್ ಬಾಷ್. 1913ರಲ್ಲಿ ಓಪ್ಪೌ ಎಂಬಲ್ಲಿ ಮೊದಲ ಕಾರ್ಖಾನೆ ಶುರುವಾಯಿತು. ಅಷ್ಟು ಹೊತ್ತಿಗೆ ಆಸ್ಮಿಯಂ ಬದಲು ಅಗ್ಗದ ಕಬ್ಬಿಣವೇ ಸಾಕೆಂದು ಗೊತ್ತಾಗಿತ್ತು. ಇವತ್ತು ನಮ್ಮ ಸೊಸೈಟಿಯ ಮುಂದೆ ರೈತರು ಸಾಲು ನಿಂತು ಕೊಳ್ಳುವ ಯೂರಿಯಾ ಮೂಟೆಯ ಮೂಲ ಅದೇ ವಿಧಾನ. ಈ ಗೊಬ್ಬರ ಇಲ್ಲದಿದ್ದರೆ ಭೂಮಿಯ ಮೇಲಿನ ಜನರಲ್ಲಿ ಅರ್ಧದಷ್ಟು ಮಂದಿಗೆ ಅನ್ನ ಸಾಲದು ಎಂದು ವಿಜ್ಞಾನಿಗಳು ಅಂದಾಜು ಮಾಡುತ್ತಾರೆ.

ಇಲ್ಲಿಗೇ ನಿಲ್ಲಿಸಿಬಿಟ್ಟರೆ ಅದು ಪೂರಾ ಕಥೆಯಲ್ಲ.

1914ರಲ್ಲಿ ಮಹಾಯುದ್ಧ ಬಂತು. ಹೊಲಕ್ಕೆ ಹೋಗಬೇಕಿದ್ದ ಅಮೋನಿಯಾ ಮದ್ದುಗುಂಡಿಗೆ ಹೋಯಿತು. ಹೇಬರ್ ಅಷ್ಟಕ್ಕೇ ಬಿಡಲಿಲ್ಲ, ವಿಷಾನಿಲವನ್ನೂ ಹೂಡಿದ. 1915ರ ಏಪ್ರಿಲ್ 22ರ ಸಂಜೆ, ಬೆಲ್ಜಿಯಂನ ಈಪ್ರ್ ಊರಿನ ಬಳಿ, ಐದು ಸಾವಿರಕ್ಕೂ ಹೆಚ್ಚು ಸಿಲಿಂಡರುಗಳ ಬಾಯಿ ತೆರೆದು ಕ್ಲೋರಿನ್ ಬಿಟ್ಟರು. ಹಸಿರುಹಳದಿ ಮೋಡ ನೆಲ ಹಿಡಿದು ತೆವಳಿಕೊಂಡು ಹೋಗಿ, ಕಂದಕಗಳಲ್ಲಿದ್ದ ಫ್ರೆಂಚ್ ಮತ್ತು ಅಲ್ಜೀರಿಯಾದ ಸೈನಿಕರ ಉಸಿರು ಕಟ್ಟಿಸಿತು. ನಾಲ್ಕೇ ದಿನಕ್ಕೆ ನಮ್ಮ ಭಾರತೀಯ ಸೈನಿಕರ ಲಾಹೋರ್ ಡಿವಿಷನ್ ಅದೇ ಕಣದಲ್ಲಿ ವಿಷಗಾಳಿಗೆ ಸಿಕ್ಕಿತು. ಅವರ ಬಳಿ ಮುಖವಾಡಗಳೂ ಇರಲಿಲ್ಲ.

ಹೇಬರನ ಹೆಂಡತಿ ಕ್ಲಾರಾ ಇಮ್ಮರ್‌ವಾರ್ ತಾನೂ ರಸಾಯನಶಾಸ್ತ್ರಜ್ಞೆ. ಬ್ರೆಸ್ಲೌ ವಿಶ್ವವಿದ್ಯಾಲಯದಲ್ಲಿ ಆ ವಿಷಯದಲ್ಲಿ ಡಾಕ್ಟರೇಟ್ ಪಡೆದ ಮೊದಲ ಹೆಣ್ಣು. ಮದುವೆಯಾದ ಮೇಲೆ ಅವಳ ಸಂಶೋಧನೆ ಮನೆಗೆಲಸದಲ್ಲಿ ಕರಗಿಹೋಯಿತು. ಈಪ್ರ್ ದಾಳಿಯಾಗಿ ಹತ್ತು ದಿನ ಕಳೆದಿತ್ತು. ಮೇ 2ರ ನಸುಕಿನಲ್ಲಿ, ಗಂಡನ ಪಿಸ್ತೂಲಿನಿಂದಲೇ ಗುಂಡು ಹಾರಿಸಿಕೊಂಡು ಜೀವ ಬಿಟ್ಟಳು. ತಾಯಿಯನ್ನು ಮೊದಲು ನೋಡಿದ್ದು ಹನ್ನೆರಡು ವರ್ಷದ ಮಗ. ಅಪ್ಪ ಅವನನ್ನು ಬಿಟ್ಟು ಪೂರ್ವದ ರಣರಂಗಕ್ಕೆ ಹೊರಟುಹೋದ. ಈ ಮಾತು ಹೇಳುವಾಗ ನನಗೆ ಪ್ರತಿಸಲವೂ ಗಂಟಲು ಕಟ್ಟುತ್ತದೆ.

1918ನೇ ಸಾಲಿನ ನೊಬೆಲ್ ಬಹುಮಾನ ಹೇಬರನಿಗೆ ಸಂದಿತು. ಅವನು ಹುಟ್ಟಿನಿಂದ ಯಹೂದಿ. ಯೌವನದಲ್ಲೇ ಕ್ರೈಸ್ತನಾಗಿದ್ದ, ಜರ್ಮನಿಗಾಗಿ ಎಲ್ಲವನ್ನೂ ಕೊಟ್ಟಿದ್ದ. 1933ರಲ್ಲಿ ಹಿಟ್ಲರನ ಸರ್ಕಾರ ಯಹೂದಿ ನೌಕರರನ್ನು ತೆಗೆಯಬೇಕೆಂದಾಗ ಯುದ್ಧದ ಸೇವೆ ನೋಡಿ ಅವನೊಬ್ಬನನ್ನು ಉಳಿಸಿಕೊಳ್ಳಬಹುದಿತ್ತು. ಅವನು ಸಹೋದ್ಯೋಗಿಗಳನ್ನು ಹೊರಗೆ ಕಳಿಸಲು ಒಪ್ಪದೆ ತಾನೇ ರಾಜೀನಾಮೆ ಕೊಟ್ಟು ದೇಶ ಬಿಟ್ಟ. ಅವನ ಬಗ್ಗೆ ನನಗೆ ಗೌರವ ಮೂಡುವುದು ಗೊಬ್ಬರಕ್ಕಿಂತಲೂ ಹೆಚ್ಚಾಗಿ ಈ ಒಂದು ಘಳಿಗೆಗೆ. ಅವನು ಮುಖ್ಯಸ್ಥನಾಗಿದ್ದ ಸಂಸ್ಥೆಯ ಕೀಟನಾಶಕ ಸಂಶೋಧನೆಯಿಂದ ಬೆಳೆದ ಸೈಕ್ಲಾನ್ ವಿಷವನ್ನು ನಾಜಿಗಳು ಮುಂದೆ ಸಾವಿನ ಶಿಬಿರಗಳಲ್ಲಿ ಬಳಸಿದರು. ಅದನ್ನು ನೋಡಲು ಅವನು ಉಳಿದಿರಲಿಲ್ಲ.

1934ರ ಜನವರಿಯಲ್ಲಿ, ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ, ಅವನ ಹೃದಯ ನಿಂತಿತು. ಮರುವರ್ಷ ಬರ್ಲಿನ್ನಿನಲ್ಲಿ ಭೌತವಿಜ್ಞಾನಿ ಮ್ಯಾಕ್ಸ್ ಪ್ಲಾಂಕ್ ಸ್ಮರಣಸಭೆ ಕರೆದರು. ಪ್ರಾಧ್ಯಾಪಕರು ಅಲ್ಲಿಗೆ ಹೋಗಕೂಡದೆಂದು ಸರ್ಕಾರದ ಆಜ್ಞೆ. ಹಲವರ ಬದಲಿಗೆ ಅವರ ಹೆಂಡತಿಯರು ಬಂದು ಕುಳಿತರು.

ಕ್ಲಾರಾಳ ಪಕ್ಕದಲ್ಲೇ ತನ್ನನ್ನು ಇಡಬೇಕೆಂಬುದು ಹೇಬರನ ಕೊನೆಯಾಸೆಯಾಗಿತ್ತು. ಅವಳ ಚಿತಾಭಸ್ಮವನ್ನು ಜರ್ಮನಿಯಿಂದ ತರಿಸಿದರು. ಬಾಸೆಲ್‌ನ ಹೋರ್ನ್‌ಲಿ ಸ್ಮಶಾನದಲ್ಲಿ ಇಬ್ಬರ ಹೆಸರೂ ಒಂದೇ ಕಲ್ಲಿನ ಮೇಲಿದೆ.

ನಮಸ್ಕಾರ.