ಸೊಂಟ ನೋವು ಮತ್ತು 20 ಲೀಟರ್ ನೀರಿನ ಕ್ಯಾನು

ಎಲ್ಲರಿಗೂ ನಮಸ್ಕಾರ. ಭಾನುವಾರದ ನಿದ್ದೆ ಬಿಟ್ಟು ಜಯನಗರದವರೆಗೆ ಬಂದಿದ್ದೀರಿ, ತುಂಬಾ ಸಂತೋಷ.

ನಾನು ಫಿಸಿಯೋಥೆರಪಿಸ್ಟ್. ಹದಿನೆಂಟು ವರ್ಷದಿಂದ ಈ ಊರಿನವರ ಸೊಂಟ ನೋವು ನೋಡುತ್ತಿದ್ದೇನೆ. ಔಟರ್ ರಿಂಗ್ ರೋಡಿನ ಸಾಫ್ಟ್‌ವೇರ್‌ನವರು, ಬ್ಯಾಂಕಿನ ಕೌಂಟರಿನಲ್ಲಿ ಕೂರುವವರು, ಸರ್ಕಾರಿ ಕಚೇರಿಯಲ್ಲಿ ಫೈಲು ನೋಡುವವರು, ಎಲ್ಲರೂ ಬಂದ ಕೂಡಲೇ ಹೇಳುವುದು ಒಂದೇ ಮಾತು: "ತಪ್ಪು ನನ್ನದೇ ಮೇಡಂ, ನಾನು ನೆಟ್ಟಗೆ ಕೂರಲ್ಲ." ಚಿಕ್ಕಂದಿನಿಂದ ಮನೆಯಲ್ಲಿ, ಶಾಲೆಯಲ್ಲಿ ಹೇಳಿಸಿಕೊಂಡು ಬಂದ ಮಾತು ಅದು. ಆ ಹೊರೆಯನ್ನು ಇವತ್ತು ಇಲ್ಲೇ ಇಳಿಸಿ ಹೋಗಿ ಅನ್ನೋದು ನನ್ನ ಆಸೆ.

ಕುರ್ಚಿಯ ಅಂಚಿಗೆ ಬನ್ನಿ. ಎರಡೂ ಹೆಬ್ಬೆರಳನ್ನು ಸೊಂಟದ ಹಿಂದೆ, ಬೆನ್ನುಮೂಳೆಯ ಎರಡೂ ಪಕ್ಕಕ್ಕೆ ಒತ್ತಿ ಹಿಡಿಯಿರಿ. ನೆಟ್ಟಗೆ ಕೂತು ಸ್ವಲ್ಪ ಮುಂದಕ್ಕೆ ವಾಲಿ. ಬೆರಳಡಿ ಹಗ್ಗದ ಹಾಗೆ ಬಿಗಿಯಾಯ್ತು ಅಲ್ವಾ? ಈಗ ಸೊಂಟ ಬಿಟ್ಟು ಕುಸಿದು ಕೂರಿ. ಮೆತ್ತಗಾಯ್ತು. ಅಂದ್ರೆ ಮಾಂಸಖಂಡ ಕೈಬಿಟ್ಟಿತು. ಮೈಯ ಭಾರ ಈಗ ಬೆನ್ನಿನ ಮಣಿಗಳ ನಡುವೆ ಮೆತ್ತೆಯ ಹಾಗಿರುವ ಡಿಸ್ಕ್ ಮತ್ತು ಮೂಳೆಗಳನ್ನು ಕಟ್ಟಿಹಿಡಿಯುವ ನಾರು, ಅಂದ್ರೆ ಲಿಗಮೆಂಟ್‌ಗಳ ಮೇಲೆ.

ಹತ್ತು ನಿಮಿಷ ಹೀಗೆ ಕೂತರೆ ಏನೂ ಆಗಲ್ಲ. ಎರಡು ಗಂಟೆ ಕೂತರೆ ಲಿಗಮೆಂಟ್ ನಿಧಾನಕ್ಕೆ ಹಿಗ್ಗುತ್ತದೆ, ನೋಯಲು ಶುರುವಾಗುತ್ತದೆ. ಆದರೆ ಎರಡು ಗಂಟೆ ಕಂಬದ ಹಾಗೆ ನೆಟ್ಟಗೆ ಕೂತು ನೋಡಿ, ಆಗಲೂ ನೋಯುತ್ತದೆ. ಬಿಗಿದ ಮಾಂಸಖಂಡಕ್ಕೆ ಬಿಡುವೇ ಸಿಕ್ಕಿರುವುದಿಲ್ಲ. ಇನ್ನು ಡಿಸ್ಕ್‌ನ ಒಳಗೆ ರಕ್ತನಾಳವೇ ಇಲ್ಲ. ಅದಕ್ಕೆ ಬೇಕಾದ್ದು ಅಕ್ಕಪಕ್ಕದ ಮೂಳೆಯಿಂದ ಜಿನುಗಿಕೊಂಡು ಬರಬೇಕು. ನಾವು ಅಲುಗಾಡುತ್ತಿದ್ದರೆ ಅದಕ್ಕೆ ಒಳ್ಳೆಯದು.

ಕೂರುವುದೇ ಡಿಸ್ಕ್‌ಗೆ ಅಪಾಯ ಎಂಬ ಹೆದರಿಕೆ ಹಳೆಯದು. 1960ರ ದಶಕದಲ್ಲಿ ಸ್ವೀಡನ್ನಿನ ಮೂಳೆ ವೈದ್ಯ ಆಲ್ಫ್ ನಾಕೆಮ್ಸನ್ ಡಿಸ್ಕ್‌ನೊಳಗಿನ ಒತ್ತಡ ಅಳೆದರು. ನಿಂತಾಗಿನದಕ್ಕಿಂತ ಕೂತಾಗ ಒತ್ತಡ ಜಾಸ್ತಿ ಎಂದು ಕಂಡಿತು. ಆದರೆ 1999ರಲ್ಲಿ ಜರ್ಮನಿಯ ಸಂಶೋಧಕರು ಒಬ್ಬ ವ್ಯಕ್ತಿಯ ಡಿಸ್ಕ್‌ನೊಳಗೇ ಸೆನ್ಸರ್ ಇಟ್ಟು ನೋಡಿದಾಗ, ಆರಾಮಾಗಿ ಕೂತರೂ ನಿಂತರೂ ಒತ್ತಡ ಹೆಚ್ಚುಕಮ್ಮಿ ಒಂದೇ ಇತ್ತು. ಹಾಗಾಗಿ ಇಪ್ಪತ್ತು ಸಾವಿರದ ಕುರ್ಚಿ ಕೊಳ್ಳುವ ಮೊದಲು ಯೋಚಿಸಿ. ಒಳ್ಳೆಯ ಕುರ್ಚಿ ಬೇಡ ಅನ್ನುತ್ತಿಲ್ಲ. ಅದರಲ್ಲೂ ಅಲುಗಾಡದೆ ಕೂತರೆ ಪ್ರಯೋಜನ ಕಮ್ಮಿ. ಆಫೀಸಿನಲ್ಲಿ ಒಂಬತ್ತು ಗಂಟೆ, ಸಿಲ್ಕ್ ಬೋರ್ಡ್ ದಾಟುವ ಹೊತ್ತಿಗೆ ಕ್ಯಾಬಿನಲ್ಲಿ ಇನ್ನೊಂದು ಗಂಟೆ, ಮನೆಗೆ ಬಂದರೆ ಸೋಫಾ. ನನಗೆ ಚಿಂತೆಯಾಗುವುದು ಆ ದಿನಚರಿಯ ಬಗ್ಗೆ.

ನಿಮ್ಮ ಹೆಬ್ಬೆರಳ ಕೆಳಗೆ ಆಳದಲ್ಲಿ ಮಲ್ಟಿಫಿಡಸ್ ಅನ್ನೋ ಮಾಂಸಖಂಡ ಇದೆ. ಬೆನ್ನಿನ ಒಂದೊಂದು ಮಣಿಯನ್ನೂ ಹಿಡಿದಿಡುವುದು ಅದು. ಆಸ್ಟ್ರೇಲಿಯಾದ ಸಂಶೋಧಕರು 1990ರ ದಶಕದಲ್ಲಿ ಸ್ಕ್ಯಾನ್ ಮಾಡಿ ನೋಡಿದರು. ನೋವು ಬಂದ ಪಕ್ಕದಲ್ಲಿ ಅದು ಸಣ್ಣಗಾಗಿತ್ತು. ನೋವು ಹೋದ ಮೇಲೂ ತಾನಾಗಿ ಮೊದಲಿನ ಗಾತ್ರಕ್ಕೆ ಬರಲಿಲ್ಲ, ವ್ಯಾಯಾಮ ಮಾಡಿದವರಲ್ಲಿ ಬಂತು. "ನೋವು ಹೋಯ್ತಲ್ಲ, ಇನ್ಯಾಕೆ ವ್ಯಾಯಾಮ?" ಅನ್ನುವವರಿಗೆ ನಾನು ಇದನ್ನೇ ಹೇಳುತ್ತೇನೆ.

ಬೆಳ್ಳಂದೂರಿನಿಂದ ಒಬ್ಬ ಹೆಣ್ಣುಮಗಳು ಬಂದಿದ್ದಳು. ವಯಸ್ಸು 38, ಕೆಲಸ ಟೆಸ್ಟಿಂಗ್. ಕೈಯಲ್ಲಿ ಎಂಆರ್‌ಐ ಕವರು. "ಡಿಸ್ಕ್ ಬಲ್ಜ್ ಆಗಿದೆಯಂತೆ, ಭಾರ ಎತ್ತಲೇಬಾರದಂತೆ." ಬಲ್ಜ್ ಅಂದ್ರೆ ಡಿಸ್ಕ್ ಸ್ವಲ್ಪ ಹೊರಕ್ಕೆ ಉಬ್ಬಿರುವುದು. ಎರಡು ವರ್ಷದಿಂದ ಮಗುವನ್ನು ಎತ್ತಿಕೊಂಡಿರಲಿಲ್ಲ. ನೀರಿನ ಕ್ಯಾನು ಖಾಲಿಯಾದರೆ ಪಕ್ಕದ ಮನೆಯವರನ್ನು ಕರೆಯಬೇಕು. ಅವಳಿಗೆ ನಾನು 2015ರ ಒಂದು ಅಧ್ಯಯನದ ಲೆಕ್ಕ ತೋರಿಸಿದೆ. ನೋವೇ ಇಲ್ಲದ ಮೂರು ಸಾವಿರಕ್ಕೂ ಹೆಚ್ಚು ಜನರ ಸ್ಕ್ಯಾನ್ ನೋಡಿದಾಗ, ನಲವತ್ತರ ವಯಸ್ಸಿನವರಲ್ಲಿ ಅರ್ಧದಷ್ಟು ಜನಕ್ಕೆ ಡಿಸ್ಕ್ ಬಲ್ಜ್ ಇತ್ತು. ಅವಳು ಸುಮ್ನೆ ಅತ್ತಳು.

ಆಮೇಲೆ ಅದೇ ಕ್ಯಾನಿನಿಂದ ಶುರು ಮಾಡಿದೆವು. ಮೊದಲು ಖಾಲಿ ಕ್ಯಾನು. ಆಮೇಲೆ ಎರಡು ಲೀಟರ್ ನೀರು. ಕ್ಯಾನನ್ನು ಮೈಗೆ ಹತ್ತಿರ ಇಟ್ಟುಕೊಂಡು, ಪಿರ್ರೆ ಹಿಂದಕ್ಕೆ ತಳ್ಳಿ, ಕಾಲಿನ ಬಲದಿಂದ ಏಳಬೇಕು. ವಾರಕ್ಕೆ ಮೂರು ದಿನ, ನೀರು ಸ್ವಲ್ಪ ಸ್ವಲ್ಪ ಜಾಸ್ತಿ. ಜೊತೆಗೆ ದಿನಾ ನಡಿಗೆ. ಕಚೇರಿಯಲ್ಲಿ ಫೋನ್ ಬಂದಾಗಲೆಲ್ಲ ಎದ್ದು ನಿಂತು ಮಾತು. ಐದನೇ ತಿಂಗಳಲ್ಲಿ ತುಂಬಿದ ಕ್ಯಾನನ್ನು ಅವಳೇ ಎತ್ತಿ ಇಟ್ಟಳು. ನೋವು ಪೂರ್ತಿ ಹೋಗಿರಲಿಲ್ಲ. ಹೆದರಿಕೆ ಹೋಗಿತ್ತು.

ಇದ್ದಕ್ಕಿದ್ದಂತೆ ಸೊಂಟ ಹಿಡಿದುಕೊಂಡರೆ ಒಂದೆರಡು ದಿನ ಕೆಲಸ ಕಮ್ಮಿ ಮಾಡಿ, ಆದರೆ ವಾರಗಟ್ಟಲೆ ಮಲಗಬೇಡಿ. ಮನೆಯೊಳಗೇ ಆದರೂ ನಡೆದಾಡಿ. ಹೆಚ್ಚಿನವರಿಗೆ ಕೆಲವೇ ವಾರದಲ್ಲಿ ಕಮ್ಮಿಯಾಗುತ್ತದೆ. ಜ್ವರ ಇದ್ದರೆ, ಕಾರಣವಿಲ್ಲದೆ ತೂಕ ಇಳಿಯುತ್ತಿದ್ದರೆ, ಬಿದ್ದ ಮೇಲೆ ನೋವು ಬಂದಿದ್ದರೆ ತಡಮಾಡದೆ ಡಾಕ್ಟರಿಗೆ ತೋರಿಸಿ. ಮೂತ್ರ ಕಟ್ಟಿದರೆ, ಮಲಮೂತ್ರ ಹಿಡಿತ ತಪ್ಪಿದರೆ, ತೊಡೆಯ ಸಂದಿಯಲ್ಲಿ ಮರಗಟ್ಟಿದರೆ, ಕಾಲಿನ ಬಲ ಕುಗ್ಗುತ್ತಾ ಹೋದರೆ ಬೆಳಗಾಗಲಿ ಎಂದು ಕಾಯಬೇಡಿ. ನಮ್ಮ ಹತ್ತಿರವೂ ಬರಬೇಡಿ. ನೇರವಾಗಿ ದೊಡ್ಡ ಆಸ್ಪತ್ರೆಯ ಎಮರ್ಜೆನ್ಸಿಗೆ ಹೋಗಿ.